ಹುಲ್ಲಿನಡಿಯ ಎರಡನೇ ಮುಚ್ಚಳ

ಮಾತಾಡಬಾರದ ಬೋಗಿ

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಫ್ರೈಬುರ್ಗ್ ಕಡೆಗೆ ಹೋಗುವ ರೈಲು ಹತ್ತಿ, ನನ್ನ ಸೀಟು ಹುಡುಕಿ ಕೂತೆ. ಬೋಗಿ ಮುಕ್ಕಾಲು ತುಂಬಿತ್ತು, ಆದರೆ ಒಬ್ಬರದೂ ಮಾತಿಲ್ಲ. ಈ ದೇಶದವರೇ ಹೀಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಕೈಚೀಲದೊಳಗೆ ನನ್ನ ಫೋನು ಗಟ್ಟಿಯಾಗಿ ಬಡಿದುಕೊಂಡಿತು. ಎದುರಿಗಿದ್ದ ಹಿರಿಯರೊಬ್ಬರು ಸಿಟ್ಟಿಲ್ಲದೆ, ನಗುವೂ ಇಲ್ಲದೆ, ಕಿಟಕಿಯ ಗಾಜಿನ ಮೇಲಿದ್ದ ಒಂದು ಚಿತ್ರವನ್ನು ತೋರಿಸಿದರು. ತುಟಿಯ ಮೇಲೆ ಬೆರಳಿಟ್ಟುಕೊಂಡ ಮುಖ. ಅದು ಮಾತಾಡಬಾರದ ಬೋಗಿ.

ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡಿ ಬೆಳೆದವಳು ನಾನು. ಅಲ್ಲಿ ಶ್ರೀರಂಗಪಟ್ಟಣ ದಾಟುವುದರೊಳಗೆ ಪಕ್ಕದವರಿಗೆ ನಮ್ಮ ಮನೆಯ ವಿಳಾಸ ಗೊತ್ತಾಗಿರುತ್ತದೆ, ಮಂಡ್ಯ ಬರುವ ಹೊತ್ತಿಗೆ ಅವರ ಬೀಗರಿಗೂ ನಮಗೂ ನಂಟಿರುವುದು ಹೊರಬಿದ್ದಿರುತ್ತದೆ. ಮಾತಾಡದೆ ಇರುವುದಕ್ಕೆಂದೇ ಒಂದು ಬೋಗಿ ಇಟ್ಟಿರುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ತಲೆ ತಗ್ಗಿಸಿ, ಫೋನು ಹಿಡಿದು, ಬಾಗಿಲ ಬಳಿಯ ಓಣಿಗೆ ಹೋಗಿ ನಿಂತೆ.

ಕರೆ ಮಾಡಿದ್ದವರು ಮೈಸೂರಿನ ಒಂದು ಕಚೇರಿ ಕಟ್ಟಡದ ಮಾಲೀಕರು.

“ತಲುಪಿದ್ರಾ ಮೇಡಂ? ಚಳಿ ಜೋರಾ ಅಲ್ಲಿ?”

“ಇನ್ನೂ ರೈಲಿನಲ್ಲಿದ್ದೀನಿ.”

“ಆ ಕಾಗದ ಒಂದು ಅಲ್ಲಿಂದಾನೇ ಕಳಿಸಿಬಿಡಿ. ನಕ್ಷೆ ಪ್ರಕಾರ ತೊಟ್ಟಿಗೆ ಎರಡು ಮುಚ್ಚಳ ಇದೆ ಅಂತ. ಅಷ್ಟೇ. ನಿಮ್ಮನ್ನ ಸುಳ್ಳು ಬರೀರಿ ಅಂತ ನಾನು ಕೇಳ್ತಾ ಇಲ್ಲ. ಎರಡು ಇದೆ ತಾನೇ?”

“ಇದೆ.”

“ಮತ್ತೆ?”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. “ಸೋಮವಾರ ವಿಚಾರಣೆ ಮೇಡಂ, ನೆನಪಿರಲಿ,” ಎಂದು ಅವರು ಫೋನಿಟ್ಟರು. ಬಾಗಿಲ ಗಾಜಿನಾಚೆ ದ್ರಾಕ್ಷಿ ತೋಟಗಳು ಹಳದಿಯಾಗಿ ಹಿಂದಕ್ಕೆ ಓಡುತ್ತಿದ್ದವು. ಚೆನ್ನಾಗಿದ್ದವು ಎಂದು ಆಮೇಲೆ ಫೋಟೋ ನೋಡಿದಾಗ ತಿಳಿಯಿತು.

ಓದುವವರಿಗೆ ಈಗಲೇ ಎಲ್ಲವನ್ನೂ ಹೇಳಿಬಿಡುತ್ತೇನೆ. ನಾನು ಸಿವಿಲ್ ಎಂಜಿನಿಯರ್. ಜಯಲಕ್ಷ್ಮಿಪುರದಲ್ಲಿ ನಮ್ಮ ಮನೆ. ಒಂಬತ್ತು ವರ್ಷದಿಂದ ನನ್ನ ಕೆಲಸವೆಂದರೆ ಹಸಿರು ಕಟ್ಟಡ ಎಂಬ ಪ್ರಮಾಣಪತ್ರಕ್ಕೆ ಕಾಗದಪತ್ರ ಸಿದ್ಧಮಾಡುವುದು. ಕಟ್ಟಡ ಕಟ್ಟುವವರು ನನ್ನನ್ನು ಗೊತ್ತುಮಾಡಿಕೊಳ್ಳುತ್ತಾರೆ. ನಾನು ನಕ್ಷೆ, ಲೆಕ್ಕ, ಫೋಟೋ ಎಲ್ಲವನ್ನೂ ಜೋಡಿಸಿ ಕಳಿಸುತ್ತೇನೆ. ಇನ್ನೊಂದು ಊರಿನಲ್ಲಿ ಕೂತವರು ಅವನ್ನು ನೋಡಿ ಬಿಸಿಲಿಗಿಷ್ಟು, ಮಳೆನೀರಿಗಿಷ್ಟು, ಗಿಡಮರಕ್ಕಿಷ್ಟು ಎಂದು ಅಂಕ ಕೊಡುತ್ತಾರೆ. ಬೇರೆ ಊರಿನ ಕಟ್ಟಡಗಳಿಗೆ ನಾನೂ ಹಾಗೆ ಅಂಕ ಕೊಟ್ಟಿದ್ದೇನೆ. ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿಲ್ಲ. ಬಾಗಿಲಲ್ಲಿ ಫಲಕ ಏರಿದ ಮೇಲೆ ಆ ಕಡೆ ಯಾರೂ ಮತ್ತೆ ಹೋಗುವುದಿಲ್ಲ. ಮೊದಲು ಊರಿಗೊಂದೋ ಎರಡೋ ಇದ್ದ ಫಲಕಗಳು ಈಗ ರಿಂಗ್ ರಸ್ತೆಯುದ್ದಕ್ಕೂ ಇವೆ. ಬಾಡಿಗೆಯ ಜಾಹೀರಾತಿನಲ್ಲಿ ಲಿಫ್ಟಿನ ಪಕ್ಕ ಅದನ್ನೂ ಬರೆಯುತ್ತಾರೆ.

ಈ ಕಟ್ಟಡವೂ ಅಂಥದ್ದು. ಕೊಳಚೆ ನೀರನ್ನು ಅಲ್ಲೇ ಶುದ್ಧಮಾಡಿ ತೋಟಕ್ಕೆ ಬಿಡಲು ನೆಲದಡಿ ಒಂದು ತೊಟ್ಟಿ ಇದೆ. ಆ ತೊಟ್ಟಿಗೂ ಅಂಕ ಉಂಟು. ಮೇಲ್ದರ್ಜೆಯ ಪ್ರಮಾಣಪತ್ರಕ್ಕೆ ಒಂದೇ ಒಂದು ಅಂಕ ಕಡಿಮೆ ಬಿದ್ದಾಗ, ತೊಟ್ಟಿಯ ಮೇಲಿನ ಕಾಂಕ್ರೀಟಿಗೆ ಒಂದಡಿ ಮಣ್ಣು ಹಾಕಿ ಹುಲ್ಲು ಬೆಳೆಸಿದರೆ ಹಸಿರು ನೆಲ ಹೆಚ್ಚುತ್ತದೆ ಎಂದು ಬರೆದುಕೊಟ್ಟವಳು ನಾನು. ಪಂಪಿನ ಪಕ್ಕದ ಒಂದು ಮುಚ್ಚಳ ಬಿಟ್ಟರೆ ಸಾಕು, ಎರಡನೆಯದು ಮಣ್ಣಿನಡಿ ಹೋಗಬಹುದು, ಮೇಲೊಂದು ಗುರುತಿನ ಕಲ್ಲು ಇಡಿ ಎಂದು ಬರೆದಿದ್ದೆ. ಕಲ್ಲು ಇಡಲಿಲ್ಲ. ಅಂಕ ಬಂತು.

ಈ ಆಗಸ್ಟಿನಲ್ಲಿ ತೊಟ್ಟಿ ಕಟ್ಟಿಕೊಂಡಿತು. ಇಂಥ ತೊಟ್ಟಿಗೆ ಆಳು ಇಳಿಸಬಾರದೆಂದು ಕಾನೂನಿದೆ. ಕುಂಬಾರಕೊಪ್ಪಲಿನ ಸಿದ್ದರಾಜು ಎಂಬವರನ್ನು ಇಳಿಸಿದರು. ಒಳಗಿನ ವಿಷಗಾಳಿಗೆ ಸಿಕ್ಕಿ ಅವರು ಮೇಲೆ ಬರಲಿಲ್ಲ. ಎರಡು ಮುಚ್ಚಳ ಇದ್ದರೂ ಒಂದನ್ನೇ ತೆಗೆದು ಅವಸರಪಟ್ಟು ಇಳಿದ, ಅವನದೇ ತಪ್ಪು ಎಂದು ಕಟ್ಟಡದವರು ಹೇಳಿಕೆ ಕೊಟ್ಟಿದ್ದಾರೆ. ನಕ್ಷೆಯಲ್ಲಿ ಎರಡು ಮುಚ್ಚಳ ಇವೆ. ಮುಚ್ಚಿಸಿದ ನನ್ನ ಟಿಪ್ಪಣಿ ನನ್ನ ಬಳಿ ಮತ್ತು ಮಾಲೀಕರ ಬಳಿ ಮಾತ್ರ ಇದೆ.

ನಾನು ಹೊರಡುವ ಹಿಂದಿನ ದಿನ ಸಿದ್ದರಾಜು ಅವರ ಹೆಂಡತಿ ನಾಗರತ್ನ ನಮ್ಮ ಮನೆಗೆ ಬಂದಿದ್ದರು. ಒಳಗೆ ಬನ್ನಿ ಎಂದರೂ ಜಗಲಿಯ ತುದಿಯಲ್ಲೇ ನಿಂತರು.

“ನಾನೇನೂ ಕೇಳಕ್ ಬಂದಿಲ್ಲ ಕಣಮ್ಮ. ನಮ್ಮೆಜಮಾನ್ರು ವರ್ಸಾನುಗಟ್ಲೆ ಈ ಕೆಲ್ಸ ಮಾಡೌರೆ. ಎರಡು ಬಾಯಿನೂ ತೆಗ್ದು, ಹೋಗಿ ಒಂದು ಟೀ ಕುಡ್ಕಂಡು ಬರೋಗಂಟ ಬುಟ್ಟು, ಆಮ್ಯಾಕೇ ಇಳೀತಿದ್ದಿದ್ದು. ಒಂದೇ ಬಾಯಿ ತೆಗ್ದು ಇಳಿದ್ಬುಟ್ರು ಅಂದ್ರೆ ಎಂಗಮ್ಮ ನಂಬೋದು? ನಮ್ಮತ್ತೆ ದಿನಾ ಪಟದ ಮುಂದೆ ಕೂತ್ಕಂಡು ಬಯ್ತದೆ. ಅಷ್ಟೇನು ಅವಸ್ರ ಇತ್ತೋ, ಬುದ್ಧಿಗೇಡಿ ಅಂತ. ಸತ್ತೋದೋರ್ನ ಬಯ್ಯೋದಾ?”

“ನಾನು ಏನು ಮಾಡಲಿ?”

“ಆ ಬಿಲ್ಡಿಂಗಿನ ಪೇಪರೆಲ್ಲ ಮಾಡಿದ್ದು ನೀವಂತೆ. ಅದ್ರಲ್ಲೇನಾರ ಬರ್ದದಾ ನೋಡಿ. ಇದ್ರೆ ಹೇಳಿ, ಇಲ್ದಿದ್ರೆ ಬುಡಿ.”

“ನೋಡ್ತೀನಿ,” ಎಂದೆ. ನೋಡುವುದೇನೂ ಇರಲಿಲ್ಲ. ಕುಡಿಯಲು ನೀರು ಕೊಟ್ಟೆ. ಕುಡಿದು, ನಾನು ಬೇಡವೆನ್ನುವಷ್ಟರಲ್ಲಿ ಅಂಗಳದ ನಲ್ಲಿಯಲ್ಲಿ ಲೋಟ ತೊಳೆದು, ಬೋರಲು ಹಾಕಿ, ಹೋದರು.

ಒದ್ದೆ ಚಪ್ಪಲಿ

ಫ್ರೈಬುರ್ಗ್‌ಗೆ ನನ್ನನ್ನು ಕರೆದದ್ದು ಆ ಸಾವಿಗೂ ಮುಂಚೆ. ಹಸಿರು ಪ್ರಮಾಣಪತ್ರಗಳು ಇಷ್ಟು ಬೆಳೆದ ಮೇಲೆ ಅವುಗಳ ಮೇಲ್ವಿಚಾರಣೆ ಯಾರು ಮಾಡಬೇಕು ಎಂಬ ಬಗ್ಗೆ ಎರಡು ದಿನದ ಒಂದು ಸಣ್ಣ ಸಭೆ. ಮೈಸೂರಿನ ಇದೇ ಕಟ್ಟಡವನ್ನು ಒಳ್ಳೆಯ ಮಾದರಿಯೆಂದು ನಾನು ತೋರಿಸಬೇಕಿತ್ತು. ಬರುವುದಿಲ್ಲ ಎಂದು ಬರೆಯಲು ಎರಡು ಸಲ ಕೂತೆ. ಏಕೆ ಎಂದು ಬರೆಯಬೇಕಲ್ಲ, ಅದಕ್ಕೇ ಬಂದೆ.

ಈ ಊರಿನ ಹಳೆಯ ಬೀದಿಗಳ ಪಕ್ಕದಲ್ಲಿ ಒಂದು ಗೇಣು ಅಗಲದ ಕಾಲುವೆಗಳು ಹರಿಯುತ್ತವೆ. ಮೇಲೆ ಮುಚ್ಚಿಗೆಯಿಲ್ಲ. ನೀರು ತಿಳಿಯಾಗಿದೆ. ಮಕ್ಕಳು ದಾರ ಕಟ್ಟಿದ ಮರದ ದೋಣಿ ಬಿಟ್ಟುಕೊಂಡು ಅದರ ಜೊತೆ ಓಡುತ್ತಾರೆ. ಬೀದಿ ಬದಿಯ ನೀರೆಂದರೆ ಮೂಗು ಮುಚ್ಚಿ ದಾಟುವ ಅಭ್ಯಾಸ ನನ್ನದು. ಇದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಬಗ್ಗಿ ನೋಡುತ್ತಾ ನಡೆದೆ. ಟ್ರಾಮ್ ಗಂಟೆ ಬಾರಿಸಿತೆಂದು ಗಾಬರಿಯಾಗಿ ಪಕ್ಕಕ್ಕೆ ಸರಿದವಳ ಬಲಗಾಲು ಸೀದಾ ನೀರಿಗೆ ಬಿತ್ತು. ಸೀರೆಯ ಅಂಚು ಮೊಣಕಾಲವರೆಗೆ ನೆನೆಯಿತು. ಬ್ರೆಡ್ ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ಏಕೆಂದು ನನಗೆ ಹೇಳಿದ್ದು ನಾನು ಉಳಿದುಕೊಂಡಿದ್ದ ಮನೆಯ ಯಜಮಾನಿ ಉರ್ಸುಲಾ. ಎಪ್ಪತ್ತು ದಾಟಿದವರು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಡುತ್ತಾರೆ.

“ಆ ಕಾಲುವೆಗೆ ಗೊತ್ತಿಲ್ಲದೆ ಕಾಲಿಟ್ಟವರು ಈ ಊರಿನವರನ್ನೇ ಮದುವೆಯಾಗುತ್ತಾರೆ ಅಂತ ಮಾತಿದೆ,” ಎಂದು ನನ್ನ ಚಪ್ಪಲಿಗೆ ಹಳೆಯ ಪತ್ರಿಕೆಯ ಹಾಳೆ ತುರುಕುತ್ತಾ ಹೇಳಿದರು. “ನಿಮ್ಮ ವಯಸ್ಸಿಗೆ ಸರಿಹೋಗುವ ಗಂಡಸರು ಈ ಬೀದಿಯಲ್ಲಿ ಮೂವರಿದ್ದಾರೆ. ಮೂವರನ್ನೂ ನಾನು ಬಲ್ಲೆ. ಬೇಡ ಬಿಡಿ.”

ಎಷ್ಟೋ ದಿನದ ಮೇಲೆ ನಕ್ಕೆ. ನಗು ನಿಂತ ಮೇಲೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ.

ಉರ್ಸುಲಾ ಅವರ ಐದು ನಿಮಿಷ

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರು ಬಾಗಿಲು ತಟ್ಟಿ ಒಳಬಂದು, ನನ್ನ ಕೋಣೆಯ ಎರಡೂ ಕಿಟಕಿಗಳನ್ನು ಪೂರಾ ತೆರೆದು ಹೋದರು. ಹೊರಗೆ ಹಲ್ಲು ಕಡಿಯುವ ಚಳಿ. ಹೀಟರಿನ ಶಾಖವೆಲ್ಲ ಬೀದಿಪಾಲಾಗುತ್ತಿದೆಯಲ್ಲ ಎಂದು ನಾನು ಎದ್ದು ಮುಚ್ಚಿದೆ. ಅವರು ಮತ್ತೆ ಬಂದರು.

“ಮುಚ್ಚಿದವರು ಯಾರು?”

“ಶಾಖ ಪೋಲಾಗುತ್ತದೆ ಅಂತ…”

“ಹಸಿರು ಕಟ್ಟಡದ ತಜ್ಞೆ ಅಂತ ಹೇಳಿದಿರಿ! ಗೋಡೆ ತಣ್ಣಗಾಗುವ ಮೊದಲು ಗಾಳಿ ಬದಲಾಗಬೇಕು. ಐದು ನಿಮಿಷ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಈ ದೇಶದಲ್ಲಿ ಗಂಡ ಬಿಟ್ಟುಹೋದರೂ ಇದನ್ನು ಬಿಡುವ ಹಾಗಿಲ್ಲ.” ಅಡುಗೆಮನೆಯ ಕಿಟಕಿಯನ್ನೂ ತೆರೆದರು. ಒಂದೇ ತೆರೆದರೆ ಗಾಳಿ ಆಡುವುದಿಲ್ಲವಂತೆ, ಎದುರುಬದುರು ಎರಡು ಬೇಕಂತೆ.

ಅದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಗಂಟೆಗೆ ಎಷ್ಟು ಸಲ ಗಾಳಿ ಬದಲಾಗಬೇಕೆಂದು ಎಷ್ಟೋ ಕಟ್ಟಡಗಳಿಗೆ ಲೆಕ್ಕ ಹಾಕಿಕೊಟ್ಟಿದ್ದೇನೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ತೆರೆದ ಬಾಗಿಲು ಸೊಳ್ಳೆ ಬರುವ ಹೊತ್ತಿನವರೆಗೆ ತೆರೆದೇ ಇರುತ್ತದೆ. ಹಾಗಾಗಿ ಗಾಳಿಗಾಗಿ ಕಾದು ನಿಂತ ಅನುಭವ ನನಗಿಲ್ಲ. ಆವತ್ತು ಶಾಲು ಹೊದ್ದು ಆ ಕಿಟಕಿಯ ಮುಂದೆ ನಿಂತೆ. ಪರದೆ ಒಳಕ್ಕೆ ಉಬ್ಬಿತು, ಆಮೇಲೆ ಹೊರಕ್ಕೆ. ಟೀ ಕುಡಿದು ಬರುವಷ್ಟು ಹೊತ್ತು.

ಗಾಳಿ ಸೋರದ ಮನೆಗಳು

ಸಭೆಯ ಹಿಂದಿನ ದಿನ ನಮ್ಮನ್ನೆಲ್ಲ ವೊಬಾನ್ ಎಂಬ ಬಡಾವಣೆಗೆ ಕರೆದುಕೊಂಡು ಹೋದರು. ಒಂದು ಕಾಲಕ್ಕೆ ಅದು ಸೈನಿಕರ ಪಾಳೆಯವಂತೆ. ಈಗ ಅಲ್ಲಿ ಬಣ್ಣಬಣ್ಣದ ಮನೆಗಳು, ಛಾವಣಿಯ ಮೇಲೆಲ್ಲ ಸೌರ ಫಲಕ, ಬೀದಿಯಲ್ಲಿ ಕಾರುಗಳಿಗಿಂತ ಹೆಚ್ಚು ಸೈಕಲ್ಲು. ಮಕ್ಕಳು ಬೀದಿಯ ನಡುವೆ ಬಳಪದಲ್ಲಿ ಚಿತ್ರ ಬಿಡಿಸುತ್ತಿದ್ದರು. ನಮ್ಮ ಅಂಗಳದ ರಂಗೋಲಿಯನ್ನು ತುಳಿಯದೆ ದಾಟುವ ಹಾಗೆ ಎಲ್ಲರೂ ಸುತ್ತಿ ಹೋಗುತ್ತಿದ್ದರು. ಹೊಟ್ಟೆಕಿಚ್ಚಾಯಿತು.

ಕರೆದುಕೊಂಡು ಹೋದವರು ಒಂದು ಮನೆಯ ಗೋಡೆ ತಟ್ಟಿ, “ಇದರಿಂದ ಒಂದು ಉಸಿರಿನಷ್ಟೂ ಗಾಳಿ ಸೋರುವುದಿಲ್ಲ,” ಎಂದರು. ಎಲ್ಲರೂ ತಲೆದೂಗಿ ಫೋಟೋ ತೆಗೆದರು. ನಾನೂ ಫೋನೆತ್ತಿದೆ. ತೆಗೆಯಲಾಗಲಿಲ್ಲ. ಉಸಿರಿನಷ್ಟೂ ಎಂಬ ಮಾತಿನ ಮೇಲೆ ಮನಸ್ಸು ನಿಂತುಬಿಟ್ಟಿತ್ತು. ಚಳಿಗೆ ಬೆರಳು ಬಗ್ಗುತ್ತಿಲ್ಲವೆಂದುಕೊಂಡು ಪಕ್ಕದವರೊಬ್ಬರು ತಮ್ಮ ಕೈಗವಸು ಬಿಚ್ಚಿ ಕೊಟ್ಟರು.

ಕಪ್ಪು ಬಟ್ಟೆಯ ಬಿರ್ಗಿಟ್

ಉರ್ಸುಲಾ ಅವರ ಮೆಟ್ಟಿಲ ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು. ಚಿಮಣಿ ಗುಡಿಸುವವರು ಇಂಥ ದಿನ, ಇಂಥ ಗಂಟೆಗೆ ಬರುತ್ತಾರೆ, ಮನೆಯಲ್ಲಿರಿ ಎಂದು. ಆ ದಿನ ಸಭೆಯ ಮೊದಲ ದಿನವೇ ಆಗಿತ್ತು. ಅಂದು ನನ್ನ ಸರದಿ ಇರಲಿಲ್ಲ. ಬೆಳಗಿನ ಮಾತುಗಳನ್ನು ತಪ್ಪಿಸಿಕೊಳ್ಳಲು ಒಂದು ನೆಪ ಸಿಕ್ಕಿತೆಂದು ಮನೆಯಲ್ಲೇ ಉಳಿದೆ.

“ಬಿಷಪ್ಪರೇ ಬಂದರೂ ನಾಳೆ ಬನ್ನಿ ಎನ್ನಬಹುದು. ಇವಳಿಗೆ ಹಾಗೆ ಹೇಳುವಂತಿಲ್ಲ,” ಎಂದು ಉರ್ಸುಲಾ ಗೊಣಗುತ್ತಲೇ ಇದ್ದರು.

ಬಂದವರ ಹೆಸರು ಬಿರ್ಗಿಟ್. ಐವತ್ತರ ಆಸುಪಾಸು. ಮೈತುಂಬ ಕಪ್ಪು ಬಟ್ಟೆ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆ ಗುಂಡಿ, ಹೆಗಲಲ್ಲಿ ಸುರುಳಿ ಸುತ್ತಿದ ತಂತಿಯ ಕುಂಚ. ಉಗುರಿನ ಸುತ್ತ ಮಸಿ. ಇಷ್ಟು ಹೊತ್ತು ಗೊಣಗಿದ ಉರ್ಸುಲಾ ಬಾಗಿಲಲ್ಲೇ ಆಕೆಯ ಒಂದು ಗುಂಡಿಯನ್ನು ಬೆರಳಿನಿಂದ ಮುಟ್ಟಿ ನನಗೆ, “ನೀವೂ ಮುಟ್ಟಿ, ಒಳ್ಳೆಯದಾಗುತ್ತದೆ,” ಎಂದರು. ಇಲ್ಲಿ ಚಿಮಣಿ ಗುಡಿಸುವವರನ್ನು ಮುಟ್ಟಿದರೆ ಶುಭವಂತೆ. ಹೊಸವರ್ಷದ ದಿನ ಬೀದಿಯಲ್ಲಿ ಕಂಡರೆ ಜನ ಓಡಿಬಂದು ಮುಟ್ಟುತ್ತಾರಂತೆ. ಬಿರ್ಗಿಟ್ ನನ್ನ ಕಡೆ ತಿರುಗಿ, ಬಸ್ಸಿನಲ್ಲಿ ಜಾಗ ಬಿಡುವವರ ಹಾಗೆ, ಸುಮ್ಮನೆ ನಿಂತರು. ನಾನು ಮುಟ್ಟಿದೆ. ಗುಂಡಿ ತಣ್ಣಗಿತ್ತು. ಕೊಳೆಯ ಕೆಲಸ ಮಾಡುವ ಒಬ್ಬರನ್ನು ನಾನಾಗಿ ಕೈಚಾಚಿ ಮುಟ್ಟಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಉರ್ಸುಲಾ ಅವರ ನಡುಮನೆಯಲ್ಲಿ ಕಟ್ಟಿಗೆಯ ಒಲೆಯೊಂದಿದೆ. “ಹೋದ ತಿಂಗಳು ಒಲೆ ಮಾರಿದವರೇ ಬಂದು ನೋಡಿದ್ದಾರೆ, ಎಲ್ಲ ಸರಿಯಿದೆ,” ಎಂದು ಅವರು ಫೋನಿನಲ್ಲಿ ಫೋಟೋಗಳನ್ನು ತೋರಿಸಹೋದರು.

ಬಿರ್ಗಿಟ್ ನೋಡಲಿಲ್ಲ. “ಅವರು ಒಳ್ಳೆಯವರೇ,” ಎಂದಷ್ಟೇ ಹೇಳಿ ನೆಲದ ಮೇಲೆ ಮಲಗಿ, ಕನ್ನಡಿ ಮತ್ತು ದೀಪ ಹಿಡಿದು, ಒಲೆಯ ಬಾಯಿಗೆ ತಲೆಯಿಟ್ಟರು. ಆಮೇಲೆ ಎದ್ದು ಗೋಡೆಯುದ್ದಕ್ಕೂ ಅಂಗೈ ಆಡಿಸುತ್ತಾ ಬಂದು ಪುಸ್ತಕದ ಕಪಾಟಿನ ಹತ್ತಿರ ನಿಂತರು. ಒಲೆಗೆ ಗಾಳಿ ಬರುವ ಜಾಲರಿಯ ಮುಂದೆ ಉರ್ಸುಲಾ ಹಳೆಯ ಪತ್ರಿಕೆಗಳನ್ನು ಸೊಂಟದೆತ್ತರ ಪೇರಿಸಿದ್ದರು.

“ಇದನ್ನು ತೆಗೆಯಿರಿ.”

“ಸಂಜೆ ತೆಗೆಯುತ್ತೇನೆ.”

“ನಾನು ಕಾಯುತ್ತೇನೆ.”

ನಿವೃತ್ತ ಮೇಷ್ಟ್ರಮ್ಮ ಹೋಮ್‌ವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ಮುಖ ಮಾಡಿಕೊಂಡು ಪತ್ರಿಕೆ ಹೊರತೊಡಗಿದರು. ನಾನೂ ಕೈಹಾಕಿದೆ. ಕೊನೆಯ ಕಟ್ಟು ಸರಿಯುವವರೆಗೂ ಬಿರ್ಗಿಟ್ ನಿಂತೇ ಇದ್ದರು. ಆಮೇಲೆ ಜಾಲರಿಗೆ ಅಂಗೈ ಒಡ್ಡಿ ನೋಡಿ, ಕಾಗದದಲ್ಲಿ ಬರೆದುಕೊಂಡರು.

ಕಾಫಿ ಕುಡಿಯುವಾಗ, ನಿಮ್ಮನ್ನು ಕಳಿಸುವವರು ಯಾರು ಎಂದು ನಾನು ಕೇಳಿದೆ. ಉರ್ಸುಲಾ ಎರಡೂ ಕಡೆಗೆ ಅನುವಾದ ಮಾಡಿದರು. ಈ ಭಾಗದ ಮನೆಗಳನ್ನು ಕೆಲವು ವರ್ಷದ ಮಟ್ಟಿಗೆ ಸರ್ಕಾರ ಬಿರ್ಗಿಟ್‌ಗೆ ವಹಿಸಿದೆ. ದುಡ್ಡು ಕೊಡುವುದು ಮನೆಯವರೇ. ಆದರೆ ಯಾರು ಬಂದು ನೋಡಬೇಕೆಂದು ಆರಿಸುವ ಹಕ್ಕು ಮನೆಯವರಿಗಿಲ್ಲ, ಬರಬೇಡಿ ಎನ್ನುವ ಹಕ್ಕೂ ಇಲ್ಲ. ಚಿಮಣಿಯ ಜೊತೆಗೆ ಶಾಖ ಉಳಿಸುವ ಕಾನೂನಿನ ಕೆಲವು ಸಂಗತಿಗಳನ್ನೂ ಅವರೇ ನೋಡುತ್ತಾರೆ.

“ವೊಬಾನಿನ ಹಸಿರು ಮನೆಗಳಿಗೂ ಹೋಗುತ್ತೀರಾ?”

ಹೋಗುತ್ತಾರಂತೆ. ಅಂಥ ಒಂದು ಮನೆಯಲ್ಲಿ, ಪ್ರಮಾಣಪತ್ರದ ಫಲಕ ಬಂದು ಎಷ್ಟೋ ಕಾಲವಾದ ಮೇಲೆ, ಚೆಂದಕ್ಕೆಂದು ಕಟ್ಟಿಗೆಯ ಒಲೆ ಇಟ್ಟಿದ್ದರಂತೆ. ಗಾಳಿ ಸೋರದ ಮನೆ. ಅಡುಗೆಮನೆಯ ಫ್ಯಾನು ಗಾಳಿಯನ್ನು ಹೊರಗೆಳೆದರೆ ಒಲೆಯ ವಿಷಗಾಳಿ ಚಿಮಣಿ ಹತ್ತದೆ ಕೋಣೆಗೇ ಬರುತ್ತದೆ. ಅದಕ್ಕೆ ವಾಸನೆ ಇರುವುದಿಲ್ಲ. ಬಿರ್ಗಿಟ್ ಅವತ್ತೇ ಒಲೆ ಉರಿಸದಂತೆ ಮುದ್ರೆ ಹಾಕಿದರು. ಮನೆಯವರು ಪ್ರಮಾಣಪತ್ರ ತಂದು ಮುಖಕ್ಕೆ ಹಿಡಿದರಂತೆ.

“ಅದನ್ನು ಕೊಟ್ಟವರು ಕಟ್ಟಿದಾಗ ನೋಡಿದ್ದರು. ಒಲೆ ಆಮೇಲೆ ಬಂತು,” ಎಂದರು ಬಿರ್ಗಿಟ್. “ಆ ಮನೆಯಾಕೆ ಈಗಲೂ ಬ್ರೆಡ್ ಅಂಗಡಿಯಲ್ಲಿ ನನ್ನನ್ನು ಕಂಡರೆ ಬೆನ್ನು ತಿರುಗಿಸುತ್ತಾಳೆ.”

“ತಿರುಗಿಸಲಿ ಬಿಡು,” ಎಂದ ಉರ್ಸುಲಾ ನನ್ನ ಕಡೆ ನೋಡಿ, “ಇದನ್ನೆಲ್ಲ ಸ್ವರ್ಗ ಅಂದುಕೊಳ್ಳಬೇಡಿ. ಎಲ್ಲರ ಮನೆಗೂ ನುಗ್ಗಬಲ್ಲ ಒಬ್ಬ ಸರ್ಕಾರದ ಮನುಷ್ಯ ಎಂದರೆ ನನ್ನ ತಾಯಿಗೆ ನಡುಕ. ಅವಳು ಕಂಡ ಕಾಲ ಅಂಥದ್ದು,” ಎಂದರು. ಬಿರ್ಗಿಟ್‌ಗೂ ಅದನ್ನು ಹೇಳಿದರು. ಆಕೆ ಅಲ್ಲಗಳೆಯಲಿಲ್ಲ.

ಆಮೇಲೆ ಬಿರ್ಗಿಟ್ ನನ್ನನ್ನು ಕೇಳಿದರು: “ನಿಮ್ಮ ಊರಿನಲ್ಲಿ ನೋಡುವವರು ಯಾರು?”

“ಕಟ್ಟುವವರು ನನ್ನನ್ನು ಕರೆಯುತ್ತಾರೆ. ನಾನು ಫೋಟೋ ಕಳಿಸುತ್ತೇನೆ,” ಎಂದೆ.

ಉರ್ಸುಲಾ ಅದನ್ನು ಜರ್ಮನ್ ಭಾಷೆಗೆ ತಿರುಗಿಸಿದರು. ಬಿರ್ಗಿಟ್ ಬಟ್ಟಲು ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಾ ಕಾದರು. ಇನ್ನೂ ಒಂದು ವಾಕ್ಯ ಬರುವುದಿದೆ ಎಂದುಕೊಂಡಿದ್ದರು.

ಅವರು ಹೋದ ಮೇಲೆ ಉರ್ಸುಲಾ ಅವರ ಊಟದ ಮೇಜಿನಲ್ಲಿ ಕೂತು, ಮೈಸೂರಿನ ವಿಚಾರಣಾಧಿಕಾರಿಗೆ ಪತ್ರ ಬರೆದೆ. ತೊಟ್ಟಿಗೆ ಎರಡು ಮುಚ್ಚಳ ಇವೆ, ಎರಡನೆಯದು ಮಣ್ಣಿನಡಿ ಇದೆ, ಹಾಗೆ ಮಾಡಲು ಬರೆದುಕೊಟ್ಟವಳು ನಾನು ಎಂದು. ಟಿಪ್ಪಣಿಯನ್ನೂ ನಕ್ಷೆಯನ್ನೂ ಜೊತೆಗಿಟ್ಟೆ. ಗುರುತಿನ ಕಲ್ಲಿನ ಮಾತು ಅದರಲ್ಲಿ ಹೇಗೂ ಇತ್ತು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಅಂಕ ಕೇಳಲು ಕಳಿಸಿದ ಫೋಟೋದಲ್ಲಿ ಕಲ್ಲು ಇರಲಿಲ್ಲ, ಅದು ನನಗೆ ಕಂಡಿತ್ತು, ಹುಲ್ಲು ಒಂದೇ ಸಮ ಕಾಣುತ್ತಿದೆಯೆಂದು ನನಗೆ ಸಂತೋಷವೇ ಆಗಿತ್ತು. ಪತ್ರದ ಒಂದು ಪ್ರತಿಯನ್ನು ಮಾಲೀಕರಿಗೂ ಕಳಿಸಿದೆ.

ಅರ್ಧ ಗಂಟೆಯೊಳಗೆ ಅವರ ಫೋನು ಬಂತು. “ಏನ್ ಮಾಡ್ಬಿಟ್ರಿ ಮೇಡಂ ನೀವು? ನಿಮಗೇನಾದ್ರೂ ಬುದ್ಧಿ ಇದೆಯಾ? ನಾವು ನಿಮ್ಮ ಹೆಸರು ಎತ್ತಿರಲೇ ಇಲ್ಲವಲ್ರೀ!”

ಅದು ನಿಜ. ಅವರು ನನ್ನ ಹೆಸರು ಎತ್ತಿರಲಿಲ್ಲ.

ಸಭೆ

ಮರುದಿನ ನನ್ನ ಸರದಿ. ಅಲ್ಲಿಯವರೆಗೆ ಮಾತಾಡಿದವರೆಲ್ಲ ತಿಳಿದವರು. ಮೇಲ್ವಿಚಾರಣೆ ಸರ್ಕಾರದ ಕೈಯಲ್ಲಿರಲಿ ಎಂದು ಒಬ್ಬರು, ಸರ್ಕಾರ ಕೈಹಾಕಿದರೆ ಲಂಚ ಬರುತ್ತದೆ ಎಂದು ಇನ್ನೊಬ್ಬರು, ಪ್ರಮಾಣಪತ್ರ ಕೊಡುವ ಸಂಸ್ಥೆಗಳೇ ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಎಂದು ಮತ್ತೊಬ್ಬರು. ಯಾರ ಮಾತೂ ತಪ್ಪೆನಿಸಲಿಲ್ಲ. ನನ್ನ ಮಾತಿಗೆಂದು ತಂದಿದ್ದ ಕಟ್ಟಡದ ಚೆಂದದ ಚಿತ್ರಗಳನ್ನು ಬಿಟ್ಟು, ಸಿದ್ದರಾಜು ಸತ್ತ ಮೂರನೆಯ ದಿನ ನಾನೇ ತೆಗೆದ ಒಂದು ಫೋಟೋ ಹಾಕಿದೆ. ಅಲ್ಲಿಯವರೆಗೆ ಅದನ್ನು ಯಾರಿಗೂ ತೋರಿಸಿರಲಿಲ್ಲ.

ಹಸಿರು ಹುಲ್ಲುಹಾಸು. ಅದರ ಮೇಲೆ ಎರಡು ಕಡೆ, ತಟ್ಟೆಯಗಲ, ಹುಲ್ಲು ಕಿತ್ತು ಮಣ್ಣು ಅಗೆದಿದೆ.

“ಪೈಪ್ ರಿಪೇರಿಯೇ?” ಎಂದು ಮುಂದಿನ ಸಾಲಿನಲ್ಲಿದ್ದವರೊಬ್ಬರು ಕೇಳಿದರು.

ಅಲ್ಲ ಎಂದೆ. ತೊಟ್ಟಿಗಿಳಿಯುವ ಆಳು ಎರಡನೆಯ ಮುಚ್ಚಳ ಹುಡುಕಿದ ಗುರುತು ಎಂದೆ. ಆತನಿಗೆ ಅನುಭವವಿತ್ತು. ಇಂಥ ತೊಟ್ಟಿಗೆ ಎರಡು ಬಾಯಿ ಇರಲೇಬೇಕೆಂದು ತಿಳಿದಿತ್ತು. ಹಾರೆಯಿಂದ ಎರಡು ಕಡೆ ಅಗೆದು ನೋಡಿದ್ದಾನೆ, ಸಿಕ್ಕಿಲ್ಲ. ಬೇಗ ಮುಗಿಸು ಎಂದು ಯಾರಾದರೂ ಹೇಳಿದರೋ, ಒಂದೇ ಇರಬೇಕು ಎಂದುಕೊಂಡನೋ, ಅದು ನನಗೆ ಗೊತ್ತಿಲ್ಲ. ಮುಚ್ಚಳ ಇರುವುದು ಇಲ್ಲಿ ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ. ಎರಡನೆಯ ಗುಂಡಿಯಿಂದ ಎರಡು ಹೆಜ್ಜೆ ಎಡಕ್ಕೆ. ಅಲ್ಲಿ ಹುಲ್ಲು ಬಹಳ ಚೆನ್ನಾಗಿ ಬೆಳೆದಿತ್ತು.

ಯಾರ ಹತ್ತಿರ ಈ ಕೆಲಸವಿರಬೇಕೋ ನನಗೆ ತಿಳಿಯದು, ಕಟ್ಟಿದವರು ಆರಿಸಿಕೊಂಡ ನನ್ನಂಥವರ ಹತ್ತಿರ ಮಾತ್ರ ಇರಬಾರದು, ಮುಚ್ಚಳ ಎಲ್ಲಿದೆಯೆಂದು ಇಳಿಯುವವರನ್ನು ಕೇಳದೆ ಯಾರೂ ಅಂಕ ಕೊಡಬಾರದು ಎಂದು ಹೇಳಿ ಇಳಿದೆ. ಅಧ್ಯಕ್ಷತೆ ವಹಿಸಿದ್ದವರು ತಮ್ಮ ಕಾಗದ ನೋಡಿಕೊಂಡು, ಕಾಫಿಯ ವಿರಾಮ ಎಂದರು. ಕಾಫಿಯ ಬಳಿ ಒಬ್ಬರು ಬಂದು ಮೆತ್ತಗೆ, “ಗುರುತಿನ ಕಲ್ಲು ಇಡಿ ಎಂದು ನೀವು ಬರೆದಿದ್ದಿರಿ ತಾನೇ? ಹಾಗಾದರೆ ಕಾನೂನಿನ ಪ್ರಕಾರ ನಿಮಗೆ ಏನೂ ಆಗುವುದಿಲ್ಲ,” ಎಂದರು. ಸಮಾಧಾನ ಮಾಡಲೆಂದೇ ಬಂದಿದ್ದರು. ಆಯಿತು ಎಂದೆ. ಆ ಸಂಜೆಯೇ ಆ ಫೋಟೋವನ್ನೂ, ಅದರಲ್ಲಿ ಏನಿದೆಯೆಂಬುದನ್ನೂ ವಿಚಾರಣಾಧಿಕಾರಿಗೆ ಬರೆದು ಕಳಿಸಿದೆ.

ಕುಂಬಾರಕೊಪ್ಪಲು

ಭಾನುವಾರ ಮೈಸೂರು ತಲುಪಿದೆ. ಬಂದ ಸಂಜೆಯೇ ಕುಂಬಾರಕೊಪ್ಪಲಿಗೆ ಹೋದೆ. ನಮ್ಮ ಮನೆಯಿಂದ ಅಲ್ಲಿಗೆ ಆಟೋದಲ್ಲಿ ಸ್ವಲ್ಪವೇ ದೂರ. ಇಷ್ಟು ವರ್ಷದಲ್ಲಿ ನಾನು ಆ ಬೀದಿಗಳಿಗೆ ಕಾಲಿಟ್ಟಿದ್ದು ಅದೇ ಮೊದಲು. ಫ್ರೈಬುರ್ಗಿನಲ್ಲಿ ದಾರಿ ಕೇಳದೆ ಮನೆ ಸೇರಿದ್ದವಳು ಇಲ್ಲಿ ಮೂರು ಕಡೆ ಕೇಳಿದೆ.

ನಾಗರತ್ನ ಬಾಗಿಲಲ್ಲಿ ಅವರೆಕಾಳು ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡರು. ನಿಂತೇ ಹೇಳಿದೆ. ಎರಡನೆಯ ಬಾಯಿ ಹುಲ್ಲಿನಡಿ ಇತ್ತು, ಅದನ್ನು ಮುಚ್ಚಿ ಎಂದು ಬರೆದುಕೊಟ್ಟಿದ್ದು ನಾನು, ನಿಮ್ಮ ಯಜಮಾನರು ಅದನ್ನು ಎರಡು ಕಡೆ ಅಗೆದು ಹುಡುಕಿದ್ದಾರೆ, ಇದನ್ನೆಲ್ಲ ವಿಚಾರಣೆಗೆ ಬರೆದು ಕಳಿಸಿದ್ದೇನೆ, ನಾಳೆ ಎದುರಿಗೂ ಹೇಳುತ್ತೇನೆ ಎಂದು. ಅವರು ಎವೆಯಿಕ್ಕದೆ ಕೇಳಿದರು.

“ಹುಡುಕೌರಾ?”

“ಹುಡುಕಿದ್ದಾರೆ.”

“ನಾನು ಬಂದಾಗ ನಿಮ್ಗೆ ಗೊತ್ತಿತ್ತಾ ಇದು?”

“ಗೊತ್ತಿತ್ತು.”

ಅವರು ನನ್ನನ್ನು ಬಯ್ಯಲಿಲ್ಲ. ಆದರೆ ಮುಖ ಮುಚ್ಚಿಕೊಂಡಿತು. ಅದು ನನ್ನ ಕಡೆಗೆ ಮತ್ತೆ ತೆರೆದಿಲ್ಲ, ತೆರೆಯಬೇಕೆಂದು ನಾನು ಕೇಳುವಂತೆಯೂ ಇಲ್ಲ. ಒಳಗೆ ತಿರುಗಿ ಕೂಗಿದರು: “ಅತ್ತೆಮ್ಮಾ, ಇಲ್ಲಿ ಬನ್ನಿ. ಇವ್ರು ಏನೋ ಹೇಳ್ತಾವ್ರೆ, ಕೇಳಿ.” ಆಮೇಲೆ ನನಗೆ, “ಅದ್ಕೆ ಕಿವಿ ಮಂದ. ಗಟ್ಟಿಯಾಗಿ ಹೇಳ್ಬೇಕು,” ಎಂದರು.

ಸಿದ್ದರಾಜು ಅವರ ತಾಯಿ ಗೋಡೆ ಹಿಡಿದುಕೊಂಡು ಬಂದು ಹೊಸಿಲ ಮೇಲೆ ಕೂತರು. ಅವರ ಹಿಂದೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಮಗನ ಪಟ. ನಾನು ಬಗ್ಗಿ ಹೇಳಿದೆ.

“ಆಂ?” ಎಂದರು.

“ನಿಮ್ಮ ಮಗ ಅವಸರ ಮಾಡಲಿಲ್ಲ. ಇನ್ನೊಂದು ಬಾಯಿ ಮುಚ್ಚಿಹೋಗಿತ್ತು.”

“ಏನಂತದೆ ಇದು?”

“ಗಟ್ಟಿಯಾಗಮ್ಮ,” ಎಂದರು ನಾಗರತ್ನ.

ನಾನು ಗಟ್ಟಿಯಾಗಿ ಮಾತಾಡಿ ಅಭ್ಯಾಸವಿರುವವಳಲ್ಲ. ನಮ್ಮ ಮನೆಯಲ್ಲಿ ಯಾರೂ ಕೂಗುವುದಿಲ್ಲ. ನೆಟ್ಟಗೆ ನಿಂತು, ಉಸಿರೆಳೆದುಕೊಂಡು ಕೂಗಿದೆ: “ನಿಮ್ಮ ಮಗನದು ತಪ್ಪಿಲ್ಲ! ಅವರು ಹುಡುಕಿದರು! ಮುಚ್ಚಿಬಿಟ್ಟಿದ್ದರು!”

ಎದುರು ಮನೆಯ ಬಾಗಿಲು ತೆರೆಯಿತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದವರು ಈ ಕಡೆ ತಿರುಗಿದರು. ಯಾರೋ ಟಿವಿಯ ಸದ್ದು ಕಡಿಮೆ ಮಾಡಿದರು.

ಮುದುಕಿಗೆ ಈಗ ಕೇಳಿಸಿತು. ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು.

“ಮುಚ್ಚಿದ್ದು ಯಾರು?”

“ನಾನು.”

“ಯಾರು?”

“ನಾನು!” ಎಂದು ಕೂಗಿದೆ. “ನಾನು ಬರೆದುಕೊಟ್ಟೆ, ಅದಕ್ಕೇ ಮುಚ್ಚಿದರು!”

ಆ ತಾಯಿ ಎರಡೂ ಅಂಗೈಗಳನ್ನು ಹೊಸಿಲಿಗೆ ಊರಿ, ತಲೆ ತಿರುಗಿಸಿ, ಒಳಗೆ ಗೋಡೆಯ ಮೇಲಿದ್ದ ಮಗನ ಪಟದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು:

“ಇನ್ನೊಂದ್ಸಲ ಹೇಳು. ಆ ಮೂಲೆ ಮನೆಯೋರೂ ಕೇಳ್ಲಿ.”

ಹೇಳಿದೆ.